ಈಜು ಸ್ಪರ್ಧೆಯ ದಿನ ಸೋರಿದ ಕ್ಲೋರಿನ್

ಎಪ್ಪತ್ತರ ದಶಕದ ಮಧ್ಯಭಾಗ. ಕೊಚ್ಚಿಯ ಪಕ್ಕದ ಏಲೂರಿನ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ನಾನು ಸೇಫ್ಟಿ ಆಫೀಸರ್ ಆಗಿದ್ದೆ. ಆ ವರ್ಷ ತಿರುವನಂತಪುರದಲ್ಲಿ ಬೇರೆ ಬೇರೆ ರಾಜ್ಯಗಳ ನೌಕರರ ಕ್ರೀಡಾಕೂಟ ನಡೆಯಿತು. ಓಟ, ವಾಲಿಬಾಲ್, ಈಜು ಎಲ್ಲ ಸೇರಿ ಐದು ದಿನ. ನನ್ನ ಹೆಂಡತಿ ಸುಮಿತ್ರಾಳ ತಮ್ಮ ರಮೇಶ ಕರ್ನಾಟಕದ ಈಜು ತಂಡದಲ್ಲಿದ್ದುದರಿಂದ ನಾವಿಬ್ಬರೂ ರಜೆ ಹಾಕಿ ನೋಡಲು ಹೋದೆವು.

ಕೂಟದ ಮೂರನೆಯ ದಿನ ಬೆಳಿಗ್ಗೆ ಈಜುಕೊಳದ ಗೇಟು ದಾಟುವಾಗಲೇ ಮೂಗಿಗೆ ಏನೋ ಚುಚ್ಚಿತು. ಕೊಳದ ನೀರಿಗೆ ಕ್ಲೋರಿನ್ ವಾಸನೆ ಇದ್ದೇ ಇರುತ್ತದೆ, ಆದರೆ ಇದು ಅದಲ್ಲ. ನೀರು ಶುದ್ಧಿಗೆ ಬಳಸುವ ಕ್ಲೋರಿನ್ ಸಿಲಿಂಡರನ್ನು ಗೇಟಿನ ಪಕ್ಕದ ತಗ್ಗು ಕೋಣೆಯಲ್ಲಿ ಇಟ್ಟಿದ್ದರು. ಅದರ ಕಿಟಕಿಯ ಕೆಳಗಿನ ಹುಲ್ಲು ಮಾತ್ರ ಬೆಳ್ಳಗೆ ಸುಟ್ಟುಹೋಗಿತ್ತು.

ಬಾಗಿಲಲ್ಲಿ ಕೊಳದ ಆಪರೇಟರ್ ಭಾಸ್ಕರನ್ ನಿಂತಿದ್ದರು. ಐವತ್ತು ದಾಟಿದವರು. ನಾನು ಯಾರೆಂದು ಹೇಳಿ ವಾಸನೆಯ ಬಗ್ಗೆ ಕೇಳಿದೆ.

"ವಾಲ್ವಿನ ಪ್ಯಾಕಿಂಗ್ ಸವೆದಿದೆ, ಅನಿಲ ಸೋರ್ತಿದೆ, ಸಾರೆ. ಮೇಲಿನವರಿಗೆ ಎರಡು ಸಲ ಹೇಳಿದೆ. ನನ್ನ ಮಾತು ಯಾರು ಕೇಳ್ತಾರೆ?" ಎಂದರು.

ನಾನು ನೇರ ಸಂಘಟಕರ ಮೇಜಿಗೆ ಹೋಗಿ, ಕ್ಲೋರಿನ್ ಸೋರುತ್ತಿದೆ, ಸ್ಪರ್ಧೆ ನಿಲ್ಲಿಸಿ ಎಂದೆ. ಅಲ್ಲಿದ್ದವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನೀವು ಯಾವ ತಂಡದ ಮ್ಯಾನೇಜರ್?"

"ತಂಡದವನಲ್ಲ. ಪಂದ್ಯ ನೋಡಲು ಬಂದವನು."

"ಹಾಗಾದರೆ ಕೂತು ನೋಡಿ, ಸಾರ್. ನಾಲ್ಕಕ್ಕೆ ಫೈನಲ್ ಇದೆ."

ಸುಮಿತ್ರಾ ತೋಳು ಜಗ್ಗಿದಳು. "ಬನ್ನಿ ಮಾರಾಯ್ರೆ, ರಜೆಯಲ್ಲೂ ಫ್ಯಾಕ್ಟರಿಯಾ?" ನಾನು ಹೋಗಿ ಕೂತೆ. ಆದರೆ ಕಣ್ಣು ಕೊಳದ ಮೇಲೆ ನಿಲ್ಲಲಿಲ್ಲ.

ಮಧ್ಯಾಹ್ನ ಕಡಲ ಗಾಳಿ ಎದ್ದಿತು. ಬೆಳಿಗ್ಗೆ ಹೊರಗೆ ಹೋಗುತ್ತಿದ್ದ ವಾಸನೆ ಈಗ ಕೊಳದ ಕಡೆಗೇ ಬರತೊಡಗಿತು. ನಾಲ್ಕಕ್ಕೆ ರಮೇಶನ ಇನ್ನೂರು ಮೀಟರ್ ಸ್ಪರ್ಧೆ ಶುರುವಾಯಿತು. ಎರಡನೆಯ ಸುತ್ತಿಗೆ ಕೆಳಗಿನ ಸಾಲಿನಲ್ಲಿ ಒಬ್ಬರು ಕೆಮ್ಮಿದರು. ಆಮೇಲೆ ಇಡೀ ಸಾಲೇ ಕೆಮ್ಮಿತು. ಸದ್ದಿನ ನಡುವೆ ಗೇಟಿನ ಕಡೆಯಿಂದ ತೆಳುವಾಗಿ, ಎಡೆಬಿಡದೆ ಬುಸ್ ಎನ್ನುವುದು ಕೇಳಿಸಿತು.

ಜನ ಎದ್ದು ಗೇಟಿನತ್ತ ಓಡಿದರು, ಅಂದರೆ ಅನಿಲದ ಬಾಯಿಗೇ. ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ತಗ್ಗಿಗೆ ಹರಿದು ನೆಲಕ್ಕೆ, ನೀರಿಗೆ ಅಂಟಿಕೊಂಡು ನಿಲ್ಲುತ್ತದೆ. ಈಜುವವನು ಉಸಿರೆಳೆಯುವುದೂ ಅಲ್ಲಿಂದಲೇ. ನಾನು ಓಡಿಹೋಗಿ ಅನೌನ್ಸರ್ ಕೈಯಿಂದ ಮೈಕ್ ಕಿತ್ತುಕೊಂಡೆ.

"ಗೇಟಿಗೆ ಬೇಡ! ಎಲ್ಲಾವರುಂ ಮೇಲೋಟ್ಟ್ ಕಯರೂ! ಎಲ್ಲರೂ ಮೇಲೆ ಹತ್ತಿ! ರಮೇಶಾ, ನಿಲ್ಲಿಸು! ಆಚೆ ದಡದಿಂದ ಹತ್ತು!"

ರಮೇಶ ತಲೆಯೆತ್ತಿದ. ನನ್ನ ದನಿ ಗುರುತು ಸಿಕ್ಕಿರಬೇಕು. ಪಕ್ಕದವನನ್ನೂ ಎಳೆದುಕೊಂಡು ಆಚೆ ದಡ ಹತ್ತಿದ. ಉಳಿದವರು ಹಿಂಬಾಲಿಸಿದರು. ಜನ ಗ್ಯಾಲರಿಯ ಮೇಲಿನ ಸಾಲುಗಳಿಗೆ ಏರಿದರು.

ಕೋಣೆಯ ಹತ್ತಿರ ಹೋದಾಗ ಭಾಸ್ಕರನ್ ಟವೆಲ್ ಒದ್ದೆ ಮಾಡುತ್ತಿದ್ದರು.

"ಮಾಸ್ಕ್ ಎಲ್ಲಿ?"

"ಒಳಗೇ ತೂಗುಹಾಕಿದೆ, ಸಾರೆ."

ಅನಿಲ ತುಂಬಿದ ಕೋಣೆಯ ಒಳಗೆ ಅನಿಲದ ಮಾಸ್ಕ್! "ಹೋಗಬೇಡಿ ಚೇಟ್ಟಾ, ಬೇಡ ಅಣ್ಣಾ" ಎನ್ನುವಷ್ಟರಲ್ಲಿ ಅವರು ನುಗ್ಗಿದ್ದರು. ಎಷ್ಟು ಹೊತ್ತಾಯಿತೋ ನನಗೆ ತಿಳಿಯದು. ಬುಸುಗುಡುವುದು ನಿಂತಿತು. ವಾಲ್ವ್ ಮುಚ್ಚಿ ಅವರು ಗೋಡೆ ತಡವುತ್ತ ಹೊರಗೆ ಬಂದರು.

ಅರ್ಧ ಗಂಟೆಯಲ್ಲಿ ಅವರ ಕೆಮ್ಮು ಇಳಿಯಿತು. ಚಹಾ ಕುಡಿದು, "ಎನಿಕ್ಕ್ ಒನ್ನುಮಿಲ್ಲ, ನನಗೇನೂ ಆಗಿಲ್ಲ" ಎಂದು ಮನೆಗೆ ಹೊರಟರು. ನಾನು ಬಿಡಲಿಲ್ಲ. ಕ್ಲೋರಿನ್ ಹೀಗೆಯೇ ಮೋಸ ಮಾಡುತ್ತದೆ; ಮನುಷ್ಯ ಚೇತರಿಸಿಕೊಂಡ ಹಾಗೆ ಕಾಣುವಾಗ ಒಳಗೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರುತ್ತದೆ. ಬಲವಂತದಿಂದ ಕಾರಿಗೆ ಹತ್ತಿಸಿದೆ. ಆಸ್ಪತ್ರೆ ಮುಟ್ಟುವಾಗ ಅವರ ತುಟಿ ನೀಲಿಯಾಗಿತ್ತು.

ನನ್ನ ರಜೆ ಮುಗಿದರೂ ನಾನು ಏಲೂರಿಗೆ ಹಿಂತಿರುಗದೆ ಆಸ್ಪತ್ರೆಯಲ್ಲೇ ಉಳಿದೆ. ಅಲ್ಲಿ ಸೇರಿಸಿದ ಮೂರನೆಯ ದಿನ ಬೆಳಿಗ್ಗೆ ಭಾಸ್ಕರನ್ ತೀರಿಕೊಂಡರು. ಪ್ರೇಕ್ಷಕರಲ್ಲಿ, ಈಜುಗಾರರಲ್ಲಿ ಬೇರೆ ಯಾರ ಪ್ರಾಣವೂ ಹೋಗಲಿಲ್ಲ. ವರಾಂಡದಲ್ಲಿ ಅವರ ಹೆಂಡತಿ ನನ್ನ ಮುಂದೆ ಬಂದು ನಿಂತರು. ಅಳುತ್ತಿರಲಿಲ್ಲ.

"ನಿಮಗೆ ಬೆಳಿಗ್ಗೆಯೇ ಗೊತ್ತಾಗಿತ್ತಂತೆ. ಅವರು ಹೇಳಿದರು. ಹೌದಾ, ಸಾರೆ?"

"ಹೌದು" ಎಂದೆ.

ಏಲೂರಿಗೆ ಮರಳಿದ ದಿನವೇ ನಮ್ಮಲ್ಲಿನ ಮಾಸ್ಕುಗಳನ್ನೆಲ್ಲ ಕೋಣೆಗಳ ಹೊರಗೋಡೆಗೆ ಹಾಕಿಸಿದೆ. ಅದು ಸುಲಭದ ಕೆಲಸ. ಕಷ್ಟದ್ದನ್ನು ಕಲಿಯಲು ವರ್ಷಗಳು ಹಿಡಿದವು: ಅಪಾಯವನ್ನು ಕಂಡವನು ಒಮ್ಮೆ ಹೇಳಿದರೆ ಸಾಲದು, ಕೇಳುವವರು ಎದ್ದು ಬರುವ ತನಕ ಅವರ ಮೇಜಿನ ಮುಂದಿನಿಂದ ಕದಲಬಾರದು.