ಹನ್ನೆರಡು ಪಾಲಿನ ಪರದೆ

ಇಡೀ ಬೀದಿಗೇ ಅವಳು ಅಕ್ಕ. ಶಾಲೆಯಲ್ಲಿ ಭಿನ್ನರಾಶಿಯ ಪಾಠ ನಡೆಯುತ್ತಿದ್ದಾಗ ಅಪ್ಪ ತೀರಿಕೊಂಡ. ಹುಡುಗಿ ಪುಸ್ತಕ ಮುಚ್ಚಿಟ್ಟು ಅಪ್ಪನ ಹೊಲಿಗೆ ಯಂತ್ರದ ಮುಂದೆ ಕೂತಳು. ಅದನ್ನು ತುಳಿದೇ ಇಬ್ಬರು ತಮ್ಮಂದಿರನ್ನು ದಡ ಮುಟ್ಟಿಸಿ ಮದುವೆಯನ್ನೂ ಮಾಡಿದಳು. ತನ್ನ ಮದುವೆಯ ಮಾತೆತ್ತಿದವರಿಗೆ ಮಾತ್ರ, "ಈ ಗುಂಡಿ ಹಚ್ಚೋದು ಮುಗೀಲಿ, ಆಮೇಲೆ ನೋಡೋಣ" ಎನ್ನುತ್ತಿದ್ದಳು. ಗುಂಡಿ ಇನ್ನೂ ಮುಗಿದಿಲ್ಲ.

ತಮ್ಮಂದಿರ ಹೆಂಡಿರಿಬ್ಬರೂ ಅವಳ ಅಂಗಡಿಯಲ್ಲೇ ಹೊಲಿಯುತ್ತಿದ್ದರು. ಕೈಕೆಲಸ ಚಿನ್ನ, ಕೋಪ ಮಾತ್ರ ಮೂಗಿನ ತುದಿಯಲ್ಲಿ. ದೊಡ್ಡವಳು ಮುಂದಿನ ಕೋಣೆ, ಚಿಕ್ಕವಳು ಹಿಂದಿನ ಕೋಣೆ, ನಡುವೆ ಮಾತಿಲ್ಲ ಕತೆಯಿಲ್ಲ. ಅಂಥದ್ದರಲ್ಲಿ ಶಾಲೆಯ ರಂಗಮಂದಿರಕ್ಕೆ ಪರದೆ ಹೊಲಿಯುವ ಕೆಲಸ ಬಂತು. ನಡುವೆ ತೆರೆಯುವ ಕೆಂಪು ಪರದೆ, ಬಟ್ಟೆಯ ತುಂಡು ಜೋಡಿಸಿದ ಕಡೆಯೆಲ್ಲ ಮೇಲಿಂದ ಕೆಳಗೆ ಹಳದಿ ಪಟ್ಟಿ. ಒಬ್ಬೊಬ್ಬಳಿಗೆ ಒಂದೊಂದು ಬದಿ ಕೊಟ್ಟ ಅಕ್ಕ, ಇಬ್ಬರನ್ನೂ ಒಟ್ಟಿಗೆ ಕೂರಿಸಿ ವಿವರಿಸಲಿಲ್ಲ. ಒಟ್ಟಿಗೆ ಕೂರುವವರಾದರೂ ಯಾರು?

ನಾಟಕದ ದಿನ ಬೆಳಿಗ್ಗೆ ಎರಡು ಬದಿಗಳನ್ನೂ ಪಕ್ಕಪಕ್ಕ ಹಾಸಿದಾಗ ಅಕ್ಕ ಪಟ್ಟಿಗಳನ್ನು ಎರಡೆರಡು ಸಲ ಎಣಿಸಿದಳು. ದೊಡ್ಡವಳು ಅಗಲ ಬಟ್ಟೆ ತಂದು ಮೂರು ಸಮ ತುಂಡು ಜೋಡಿಸಿದ್ದಳು. ಚಿಕ್ಕವಳ ಬಟ್ಟೆ ಕಿರಿದು, ಅಷ್ಟೇ ಅಗಲಕ್ಕೆ ನಾಲ್ಕು ಸಮ ತುಂಡು. ಒಂದರಲ್ಲಿ ಎರಡು ಪಟ್ಟಿ, ಇನ್ನೊಂದರಲ್ಲಿ ಮೂರು. ಒಂದಕ್ಕೊಂದು ತಾಳಮೇಳವೇ ಇಲ್ಲ.

"ಅವಳು ಬಿಚ್ಚಲಿ," ಎಂದಳು ದೊಡ್ಡವಳು.

"ನನ್ನ ಹೊಲಿಗೆಗೆ ಕತ್ತರಿ ಇಟ್ರೆ ನಾಳೆಯಿಂದ ನನ್ನ ಅಂಗಡಿ ಬೇರೆ!" ಎಂದಳು ಚಿಕ್ಕವಳು.

"ನಂದೂ ಬೇರೆ!"

ಅಷ್ಟರ ಮಟ್ಟಿಗೆ ಇಬ್ಬರದೂ ಒಮ್ಮತ. ಅಕ್ಕನಿಗೆ ಕಣ್ಣು ಮಂಜಾಯಿತು. ಪರದೆ ಹಾಳಾದರೆ ಇನ್ನೊಂದು ಹೊಲಿಯಬಹುದು. ಜೀವ ತೇದು ಕಟ್ಟಿದ ಅಂಗಡಿ ಒಡೆದರೆ ಹೊಲಿಯುವುದು ಹೇಗೆ?

ಮೂರು, ನಾಲ್ಕು ಎಂದು ಗೊಣಗುತ್ತಾ ಕೂತವಳಿಗೆ ಶಾಲೆಯ ಕಪ್ಪುಹಲಗೆ ನೆನಪಾಯಿತು. ಮೂರನೇ ಒಂದಕ್ಕೆ ನಾಲ್ಕನೇ ಒಂದು ಕೂಡಿಸಬೇಕಿತ್ತು. ಛೇದ ಬೇರೆಬೇರೆ ಇದ್ದರೆ ಕೂಡಿಸಲು ಬರುವುದಿಲ್ಲ, ಎರಡಕ್ಕೂ ಹೊಂದುವ ಛೇದ ಹುಡುಕು ಎಂದಿದ್ದರು ಟೀಚರು. ಅಂದು ಬಾಯಿ ಬಿಡದೆ ನಿಂತಿದ್ದಳು. ಮರುದಿನದಿಂದ ಶಾಲೆಯೇ ಇರಲಿಲ್ಲ.

"ಹನ್ನೆರಡು!" ಅಕ್ಕ ಕೂಗಿದ ಸದ್ದಿಗೆ ಇಬ್ಬರೂ ಬೆಚ್ಚಿದರು. "ಯಾರೂ ಏನೂ ಬಿಚ್ಚಬೇಡಿ. ದೊಡ್ಡೋಳೇ, ನಿನ್ನ ಒಂದೊಂದು ತುಂಡೂ ನಾಲ್ಕು ಪಾಲಾಗೋ ಹಾಗೆ ಮೇಲೆ ಪಟ್ಟಿ ಹಚ್ಚು. ಚಿಕ್ಕೋಳೇ, ನೀನು ಮೂರು ಪಾಲು ಮಾಡು. ಎರಡೂ ಕಡೆ ಹನ್ನೆರಡೇ ಆಗತ್ತೆ!"

ಮೊದಲೇ ಹಚ್ಚಿದ ಪಟ್ಟಿಗಳು ಇದ್ದಲ್ಲೇ ಉಳಿದವು. ಮೊದಮೊದಲು ಪಟ್ಟಿಯ ಉರುಳೆಗಾಗಿ ಕಿತ್ತಾಡಿದ ಹೆಂಗಸರು ಮಧ್ಯಾಹ್ನದ ಹೊತ್ತಿಗೆ, "ಆ ತುದಿ ಸ್ವಲ್ಪ ಹಿಡ್ಕೊಳ್ಳೇ" ಎನ್ನುವವರೆಗೆ ಬಂದರು. ಅಕ್ಕ ಕೇಳಿಸಿಯೂ ಕೇಳಿಸದವಳಂತೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದಳು.

ಸಂಜೆ ಪರದೆಯ ಎರಡು ಬದಿಗಳು ಬಂದು ಕೂಡಿದಾಗ ನಾಟಕಕ್ಕೂ ಮೊದಲೇ ಚಪ್ಪಾಳೆ ಬಿತ್ತು. ಮುಖ್ಯೋಪಾಧ್ಯಾಯಿನಿ ಎದ್ದು ಬಂದು, "ಯಾವ ಬದಿ ಯಾರು ಹೊಲಿದದ್ದಮ್ಮಾ?" ಎಂದು ಕೇಳಿದರು.

"ಅದು ನಂದು!" ದೊಡ್ಡವಳೂ ಚಿಕ್ಕವಳೂ ಒಟ್ಟಿಗೇ ಬೆರಳು ತೋರಿದರು. ಇಬ್ಬರೂ ತೋರಿಸಿದ್ದು ಒಂದೇ ಬದಿಯನ್ನು.

ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಲೇ ಅತ್ತಳು. ಸೆರಗಿನಿಂದ ಮುಖ ಒರೆಸಿಕೊಂಡು ಇಬ್ಬರ ನಡುವಿನ ಕುರ್ಚಿ ಬಿಟ್ಟು ಎದ್ದಳು. "ನೀವಿಬ್ಬರೂ ಒಟ್ಟಿಗೆ ಕೂತ್ಕೊಳ್ಳಿ. ನಾಳೆ ಅಂಗಡಿ ನೀವೇ ತೆಗೀಬೇಕು, ನಾನು ಸ್ವಲ್ಪ ತಡವಾಗಿ ಬರ್ತೀನಿ."