ಕಿಟಕಿ ಪಕ್ಕದ ಮಂಚದ ಹಸಿರು ಎಳೆ

ಇದರಲ್ಲಿ ಕೆಲವು ವಿವರ ತಪ್ಪಿರಬಹುದು ಎಂದು ಮೊದಲೇ ಹೇಳಿಬಿಡುತ್ತೇನೆ. ಅಂದು ನಾನು ಕಂಡ ಎಳೆಗಳು ನಾಲ್ಕು ಎಂದು ನನ್ನ ದಿನಚರಿಯಲ್ಲಿದೆ. ನೆನಪು ಮಾತ್ರ ಐದು ಎನ್ನುತ್ತದೆ. ಐದನೆಯದು ಎಲ್ಲಿತ್ತು ಎಂದು ಕೇಳಿಕೊಂಡರೆ ಉತ್ತರ ಸಿಗುವುದಿಲ್ಲ. ಹಾಗಾಗಿ ದಿನಚರಿಯನ್ನೇ ನಂಬಿ ಬರೆಯುತ್ತಿದ್ದೇನೆ. ಆದರೆ ಆ ದಿನಚರಿಯನ್ನು ಬರೆದವಳೂ ನಾನೇ, ಅದೂ ಮೂರು ದಿನ ತಡವಾಗಿ.

ಇಂಥ ಸಂಗತಿಗಳನ್ನು ನಾನು ನಂಬುತ್ತಿರಲಿಲ್ಲ. ಸಮಾಜಶಾಸ್ತ್ರದಲ್ಲಿ ಎಂ.ಎ. ಓದುವಾಗ ಹಳ್ಳಿಗಳಿಗೆ ಹೋಗಿ ಹಿರಿಯರನ್ನು ಮಾತಾಡಿಸಿ ಬರೆದುಕೊಳ್ಳುತ್ತಿದ್ದೆವು. ಒಂದೇ ಮದುವೆಯನ್ನು ಅಣ್ಣ ಒಂದು ಥರ, ತಂಗಿ ಇನ್ನೊಂದು ಥರ ಹೇಳುತ್ತಿದ್ದರು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಆಗಿನಿಂದ ಯಾರಾದರೂ ತಮಗೊಂದು ವಿಚಿತ್ರ ಅನುಭವವಾಯಿತು ಎಂದರೆ ಸುಮ್ಮನೆ ಕೇಳಿಸಿಕೊಂಡು ಮನಸ್ಸಿನಲ್ಲೇ ಕಾರಣ ಹುಡುಕುತ್ತಿದ್ದೆ. ಸಾಮಾನ್ಯವಾಗಿ ಸಿಗುತ್ತಿತ್ತು. ನಿದ್ದೆಗಣ್ಣು, ಜ್ವರ, ಕತ್ತಲು, ಇಂಥದೇ ಏನಾದರೊಂದು. ನನಗಾದದ್ದು ಮಧ್ಯಾಹ್ನ ಮೂರು ಗಂಟೆಗೆ, ಕಣ್ಣು ಕುಕ್ಕುವ ಬಿಸಿಲಿನಲ್ಲಿ, ಮೈಯಲ್ಲಿ ಏನೂ ತೊಂದರೆ ಇಲ್ಲದಿದ್ದಾಗ.

ಮೊದಲು ನನ್ನ ಚಿಕ್ಕಮ್ಮನ ವಿಷಯ ಹೇಳಬೇಕು. ಅಮ್ಮನ ತಂಗಿ ಸರೋಜಮ್ಮ ದೊಡ್ಡಬಳ್ಳಾಪುರದ ಮಗ್ಗದ ಮನೆಗೆ ಸೊಸೆಯಾಗಿ ಹೋದವಳು. ನಮ್ಮ ಕಡೆಯವರು ರಾಗಿ ಬೆಳೆದವರು, ನೇಯ್ಗೆ ಗೊತ್ತಿಲ್ಲದವರು. ಅದಕ್ಕೇ ಇರಬೇಕು, ಅವಳ ಅತ್ತೆ ಅವಳನ್ನು ಮಗ್ಗದ ಮುಂದೆ ನಿಲ್ಲಿಸದೆ, ನೇಯ್ದ ಸೀರೆಗಳನ್ನು ಪರೀಕ್ಷಿಸುವ ಕೆಲಸಕ್ಕೆ ಕೂರಿಸಿದರು. ಮಗ್ಗದಿಂದ ಇಳಿದ ಸೀರೆಯನ್ನು ಅವಳು ಬೆಳಕಿಗೆ ಹಿಡಿದು, ಅಂಗೈ ಮೇಲೆ ಜಾರಿಸುತ್ತಾ ಹೋಗುತ್ತಿದ್ದಳು. ಎಲ್ಲಿ ದೋಷ ಕಂಡಿತೋ ಅದರ ನೇರಕ್ಕೆ ಅಂಚಿಗೆ ಒಂದು ಬಣ್ಣದ ಎಳೆ ಕಟ್ಟುತ್ತಿದ್ದಳು. ನೇಯ್ಗೆ ತಪ್ಪಿ ರಿಪೇರಿ ಆಗಬೇಕಾದ ಕಡೆ ಕೆಂಪು. ಕಲೆಯಾಗಿದ್ದು ತೊಳೆದರೆ ಹೋಗುವಂತಿದ್ದರೆ ಹಳದಿ. ಹಸಿರೂ ಒಂದಿತ್ತು ಎಂದು ನನ್ನ ನೆನಪು, ವರ್ಷಕ್ಕೆ ಒಂದೋ ಎರಡೋ ಸೀರೆಗೆ. ಅದು ಯಾತಕ್ಕೆ ಎಂದು ಅವಳನ್ನು ಕೇಳಿ ಮರೆತೆನೋ, ಕೇಳಿಯೇ ಇರಲಿಲ್ಲವೋ ಗೊತ್ತಿಲ್ಲ.

ಆ ಎಳೆಗಳಿಗೆ ಒಂದು ಕಟ್ಟಳೆ ಇತ್ತು. ದೋಷ ಸರಿಪಡಿಸಿದವರೇ ಅದನ್ನು ಬಿಚ್ಚಬೇಕು, ಬೇರೆ ಯಾರೂ ಮುಟ್ಟುವಂತಿಲ್ಲ. ಇನ್ನೊಂದು ಸಂಗತಿ, ಚಿಕ್ಕಮ್ಮ ಎಡಗೈಯವಳು. ಅವಳು ಹಾಕಿದ ಗಂಟಿನ ತುದಿಗಳು ಉಳಿದವರ ಗಂಟಿನಂತೆ ಬಲಕ್ಕಲ್ಲ, ಎಡಕ್ಕೆ ಮಲಗುತ್ತಿದ್ದವು. ರಜೆಗೆ ಹೋದ ನಾವು ಮಕ್ಕಳು ಗಂಟು ನೋಡಿಯೇ ಯಾರದೆಂದು ಹೇಳುತ್ತಿದ್ದೆವು. ನೇಯುವವರಿಗೆ ಅವಳನ್ನು ಕಂಡರೆ ಸಿಟ್ಟು. "ಅಮ್ಮೋರನ್ನ ಗುಡಿಗೆ ಕರ್ಕೊಂಡ್ ಹೋಗ್ಬೇಡ್ರಪ್ಪಾ, ದೇವ್ರಿಗೂ ಒಂದ್ ದಾರ ಕಟ್ಟಿ ಬಂದ್ಬಿಡ್ತಾರೆ" ಎಂದು ಆಡಿಕೊಳ್ಳುತ್ತಿದ್ದರು. ಅವಳು ಬೇಸರ ಮಾಡಿಕೊಳ್ಳುತ್ತಿರಲಿಲ್ಲ. "ತಪ್ಪಿಲ್ಲದ ಸೀರೆ ನಾನಿನ್ನೂ ನೋಡಿಲ್ಲ ಕಣಪ್ಪ. ತೋರಿಸಿದ್ಮೇಲೆ ನೀನೇನ್ ಮಾಡ್ತೀಯ, ಅದನ್ನ ನೋಡೋಳು ನಾನು" ಎನ್ನುತ್ತಿದ್ದಳು.

ಐದು ವರ್ಷದ ಹಿಂದೆ ಈ ಚಿಕ್ಕಮ್ಮ ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಯಿತು, ಆದರೆ ಮತ್ತೆ ಸರಿಯಾಗಿ ನಡೆಯಲಿಲ್ಲ. ಅವಳ ಮಗ ಮಂಜುನಾಥ ಒಳ್ಳೆಯವನು. ದಿನವಿಡೀ ಮಗ್ಗಗಳ ಜೊತೆ ಒದ್ದಾಡುವವನು. ಹೆಂಡತಿಗೆ ಬೆನ್ನುನೋವು, ಅತ್ತೆಯನ್ನು ಎತ್ತಿ ಮಲಗಿಸಲು ಆಗದು. ಮನೆಗೆ ಬಂದ ಆರೈಕೆಯವರು ಒಬ್ಬರ ಹಿಂದೆ ಒಬ್ಬರು ಬಿಟ್ಟುಹೋದರು. ಬೆನ್ನಿನ ಮೇಲೆ ಹಾಸಿಗೆ ಹುಣ್ಣು ಆಗಲು ಶುರುವಾದಾಗ ಮಂಜುನಾಥ ನೆಲಮಂಗಲದ ನನ್ನ ಮನೆಗೆ ಬಂದು ಕೂತ. "ಅಕ್ಕ, ಬಾಶೆಟ್ಟಿಹಳ್ಳಿ ಆಚೆ ಒಂದು ವಯಸ್ಸಾದೋರ್ನ ನೋಡ್ಕೊಳೋ ಜಾಗ ಇದೆಯಂತೆ. ನಾನ್ ಹೋದ್ರೆ ಅಳು ಬರುತ್ತೆ, ಏನೂ ಕಾಣಲ್ಲ. ನೀನು ಓದಿದೋಳು, ನೋಡ್ಕೊಂಡ್ ಬಾ. ನೀನ್ ಹೂಂ ಅಂದ್ರೆ ಹೂಂ, ಊಹೂಂ ಅಂದ್ರೆ ಊಹೂಂ" ಎಂದ. ಚಿಕ್ಕಮ್ಮ ಮುಂದೆ ಎಲ್ಲಿ ಮಲಗಬೇಕು, ಯಾರ ಕೈಯಲ್ಲಿ ಉಣ್ಣಬೇಕು ಎಂಬುದು ಹೀಗೆ ನನ್ನ ಒಂದು ಮಾತಿಗೆ ಬಂದು ನಿಂತಿತು.

ಹೋಗುವ ಮುಂಚೆ ದಿನಚರಿಯಲ್ಲಿ ಪ್ರಶ್ನೆಗಳ ಪಟ್ಟಿ ಮಾಡಿಕೊಂಡೆ. ಡಾಕ್ಟರು ಎಷ್ಟು ದಿನಕ್ಕೊಮ್ಮೆ ಬರುತ್ತಾರೆ, ರಾತ್ರಿ ಪಾಳಿಯಲ್ಲಿ ಎಷ್ಟು ಜನ, ಗಾಲಿಕುರ್ಚಿ ಬಚ್ಚಲೊಳಗೆ ಹೋಗುತ್ತದೆಯೇ, ಹೀಗೆ. ದೊಡ್ಡಬಳ್ಳಾಪುರಕ್ಕೆ ಬಸ್ಸು, ಅಲ್ಲಿಂದ ಆಟೋ. ಎರಡಂತಸ್ತಿನ ಕಟ್ಟಡ, ಮುಂದೆ ಹೊಂಗೆಮರ. ಮರದ ಕೆಳಗೆ ಕೂತಿದ್ದ ಒಬ್ಬ ಅಜ್ಜ ನನ್ನ ಕೈಯ ಪುಸ್ತಕ ನೋಡಿ, "ಏನಮ್ಮಾ, ಈಗ್ಲೇ ಜಾಗ ಹಿಡಿಯಕ್ ಬಂದ್ಬಿಟ್ಯಾ? ಕೂದ್ಲು ಇನ್ನೂ ಪೂರ್ತಿ ಬೆಳ್ಳಗಾಗಿಲ್ವಲ್ಲ" ಎಂದು ಕೇಳಿದರು. ನನಗೆ ನಗು ಬಂತು. ತಮಾಷೆ ಮಾಡುವವರು ಇರುವ ಜಾಗ ತೀರಾ ಕೆಟ್ಟದಿರಲಾರದು ಎನಿಸಿತು. ಇದು ನನ್ನ ಪಟ್ಟಿಯಲ್ಲಿ ಇರಲಿಲ್ಲ.

ವ್ಯವಸ್ಥಾಪಕರು ಊರಲ್ಲಿರಲಿಲ್ಲ. ರತ್ನಮ್ಮ ಎಂಬ ಆರೈಕೆಯವಳು ಕರೆದುಕೊಂಡು ಹೋದಳು. ನಲವತ್ತರ ಆಸುಪಾಸು. ಮುಂಚೆ ಕಾರ್ಖಾನೆಯಲ್ಲಿ ಪಾಳಿ ಮಾಡುತ್ತಿದ್ದಳಂತೆ. ಕೇಳಿದ್ದಕ್ಕೆಲ್ಲ ನೇರವಾಗಿ ಉತ್ತರಿಸಿದಳು. ರಾತ್ರಿ ಇಬ್ಬರೇ, ಮೂವರಿದ್ದರೆ ಒಳ್ಳೆಯದು ಎಂದು ತಾನಾಗಿಯೇ ಹೇಳಿದಳು. ಅಷ್ಟರಲ್ಲಿ ಕೆಳಗಿನಿಂದ ಯಾರೋ ಕೂಗಿದರು. ಒಬ್ಬ ಅಜ್ಜಿಯನ್ನು ಮಗ್ಗುಲು ಬದಲಾಯಿಸಬೇಕಿತ್ತು. "ನೀವೇ ನೋಡ್ಕೊಂಡ್ ಬನ್ನಿ ಮೇಡಮ್, ಯಾವ್ ಬಾಗ್ಲಿಗೂ ಬೀಗ ಹಾಕಿಲ್ಲ" ಎಂದು ಹೋದಳು.

ಹೀಗೆ ನಾನೊಬ್ಬಳೇ ಮೇಲಿನ ಅಂತಸ್ತಿನಲ್ಲಿ ಉಳಿದೆ. ಹೆಚ್ಚಿನವರು ಊಟ ಮುಗಿಸಿ ಮಲಗಿದ್ದರು. ಫ್ಯಾನುಗಳ ಸದ್ದು ಬಿಟ್ಟರೆ ಏನೂ ಇರಲಿಲ್ಲ.

ಮೊದಲನೆಯ ಎಳೆ ಕಂಡದ್ದು ಬಚ್ಚಲುಮನೆಯಲ್ಲಿ. ಗೋಡೆಗೆ ಹಿಡಿದುಕೊಳ್ಳಲು ಹಾಕಿದ್ದ ಕಂಬಿಯ ಒಂದು ತುದಿಗೆ ಕೆಂಪು ದಾರ ಕಟ್ಟಿತ್ತು. ಯಾರೋ ಗುರುತಿಗೆ ಕಟ್ಟಿರಬೇಕು ಅಂದುಕೊಂಡೆ. ಕಂಬಿ ಹಿಡಿದು ಎಳೆದಾಗ ಆ ತುದಿ ಅಲುಗಾಡಿತು. ಸ್ಕ್ರೂ ಸಡಿಲವಾಗಿತ್ತು. ಆಗಲೂ ನನಗೇನೂ ಅನಿಸಲಿಲ್ಲ. ಎರಡನೆಯದು ಪಕ್ಕದ ಕೋಣೆಯಲ್ಲಿ, ಆರೈಕೆಯವರನ್ನು ಕರೆಯುವ ಗಂಟೆಯ ವಯರಿಗೆ. ಅದೂ ಕೆಂಪು. ಗುಂಡಿ ಒತ್ತಿದೆ. ಸದ್ದಾಗಲಿಲ್ಲ. ಪಕ್ಕದ ಮಂಚದ್ದನ್ನು ಒತ್ತಿದೆ. ಅದು ಬಡಿದುಕೊಂಡಿತು.

ಆಗ ಬಗ್ಗಿ ಗಂಟು ನೋಡಿದೆ. ತುದಿಗಳು ಎಡಕ್ಕೆ ಮಲಗಿದ್ದವು.

ಬಚ್ಚಲುಮನೆಗೆ ವಾಪಸು ಹೋಗಿ ಅದನ್ನೂ ನೋಡಿದೆ. ಎಡಕ್ಕೆ. ನೋಡಿದೆ ಎಂದು ದಿನಚರಿಯಲ್ಲಿ ಬರೆದಿದ್ದೇನೆ, ಅಡಿಗೆರೆ ಹಾಕಿ. ಅನುಮಾನ ಇದ್ದಾಗಲೇ ನಾನು ಅಡಿಗೆರೆ ಹಾಕುವುದು, ಅದೂ ನನಗೆ ಗೊತ್ತು.

ಮೂರನೆಯದು ಹಳದಿ. ಗೋಡೆಯತ್ತ ಮುಖ ಮಾಡಿ ಮಲಗಿದ್ದ ಒಬ್ಬ ಅಜ್ಜಿಯ ಮಂಚದ ಸರಳಿಗೆ ಕಟ್ಟಿತ್ತು. ನಾನು ಹತ್ತಿರ ಹೋದಾಗ ಆಕೆ ಕಣ್ಣು ಬಿಟ್ಟರು. ಏನಾದರೂ ಬೇಕಾ ಎಂದು ಕೇಳಿದರೆ ಬೇಡವೆಂದು ತಲೆಯಾಡಿಸಿದರು. ಹೊದಿಕೆಯ ಅಂಚು ಮುಟ್ಟಿದೆ. ಒದ್ದೆಯಾಗಿತ್ತು. ಹೇಳಿಕೊಳ್ಳಲು ನಾಚಿ ಎಷ್ಟು ಹೊತ್ತಿನಿಂದ ಹಾಗೇ ಮಲಗಿದ್ದರೋ.

ನಾಲ್ಕನೆಯದು ಹಸಿರು. ಕೊನೆಯ ಕೋಣೆಯಲ್ಲಿ, ಕಿಟಕಿ ಪಕ್ಕ, ಹೊಸ ಹಾಸಿಗೆ ಹಾಕಿ ಖಾಲಿ ಬಿಟ್ಟಿದ್ದ ಮಂಚದ ತಲೆದೆಸೆಗೆ ಕಟ್ಟಿತ್ತು. ಚಿಕ್ಕಮ್ಮನಿಗೆ ಕೊಡುತ್ತೇವೆ ಎಂದು ರತ್ನಮ್ಮ ತೋರಿಸಿದ್ದು ಅದೇ ಮಂಚ. ಹತ್ತು ನಿಮಿಷದ ಹಿಂದೆ ನಾವಿಬ್ಬರೂ ಅಲ್ಲೇ ನಿಂತು ಮಾತಾಡಿದ್ದೆವು. ಆಗ ಎಳೆ ಇತ್ತೇ? ನಾನು ಗಮನಿಸಿರಲಿಲ್ಲ, ಅಷ್ಟೇ ಹೇಳಬಲ್ಲೆ. ಮಂಚದ ಕಾಲು ಅಲ್ಲಾಡಿಸಿದೆ. ಹಾಸಿಗೆ ಒತ್ತಿದೆ. ಕಿಟಕಿಯ ಚಿಲಕ, ಗಂಟೆ, ಫ್ಯಾನು, ನೆಲ ಎಲ್ಲ ನೋಡಿದೆ. ಯಾವುದರಲ್ಲೂ ಏನೂ ತಪ್ಪಿರಲಿಲ್ಲ.

ರತ್ನಮ್ಮ ಮೇಲೆ ಬಂದಾಗ ನನ್ನ ಮುಖ ಹೇಗಿತ್ತೋ, ನೀರು ತಂದುಕೊಟ್ಟಳು. ನಾನು ಎಳೆಗಳನ್ನು ತೋರಿಸಿದೆ. ಬೆಳಿಗ್ಗೆ ಒರೆಸುವಾಗ ಇವು ಇರಲಿಲ್ಲ ಎಂದಳು. ಆಮೇಲೆ ಮೊದಲು ಮಾಡಿದ ಕೆಲಸ ಹಳದಿ ಎಳೆಯ ಮಂಚದ್ದು. "ಯಾಕಜ್ಜಿ, ನನ್ ಮೇಲೆ ಕೋಪಾನಾ? ಒಂದ್ ಕೂಗು ಹಾಕಕ್ಕೂ ಬಾಯಿಲ್ವಾ ನಿಮ್ಗೆ? ನಿನ್ನೆ ಉಪ್ಪಿಲ್ಲ ಅಂತ ಸಾರಿಗೆ ಬೈಯೋವಾಗ ಚೆನ್ನಾಗಿತ್ತಲ್ಲ ಬಾಯಿ" ಎಂದು ರೇಗಿಸುತ್ತಲೇ ಅಡ್ಡ ಪರದೆ ಎಳೆದು, ಒರೆಸಿ, ಬಟ್ಟೆ ಬದಲಾಯಿಸಿದಳು. ಪರದೆಯ ಆಚೆ ಅಜ್ಜಿ ನಕ್ಕದ್ದು ಕೇಳಿಸಿತು. ಆಮೇಲೆ ಸ್ಕ್ರೂಡ್ರೈವರ್ ತಂದು ಕಂಬಿಯನ್ನು ತಾನೇ ಬಿಗಿ ಮಾಡಿದಳು. ಗಂಟೆಗೆ ಎಲೆಕ್ಟ್ರಿಷಿಯನ್ನಿಗೆ ಫೋನು ಮಾಡಿದಳು. ಅವನು ಬರುವ ತನಕ ಆ ಮಂಚದವರಿಗೆ ಒಂದು ಸ್ಟೀಲು ಲೋಟ, ಚಮಚ ಕೊಟ್ಟು, ಬೇಕಾದರೆ ಬಡಿಯಿರಿ ಎಂದಳು. ನಾನು ಚಿಕ್ಕಮ್ಮನ ಮನೆಯ ಕಟ್ಟಳೆ ಹೇಳಿದ್ದಕ್ಕೆ, ಸರಿಯಾದ ಎರಡರ ಎಳೆಗಳನ್ನು ತಾನೇ ಬಿಚ್ಚಿದಳು, ಗಂಟೆಯದನ್ನು ಎಲೆಕ್ಟ್ರಿಷಿಯನ್ನಿಗೆ ಬಿಟ್ಟಳು. ಹಸಿರಿನ ಹತ್ತಿರ ಬಂದು ನಿಂತಳು. "ಇದಕ್ಕೇನ್ ಮಾಡ್ಬೇಕು ಮೇಡಮ್?" ನನಗೆ ಗೊತ್ತಿಲ್ಲ ಎಂದೆ. ಹಾಗಾದರೆ ಇರಲಿ ಎಂದು ಬಿಟ್ಟಳು. ಹೊರಡುವಾಗ, "ಒಂದ್ ಮಾತ್ ಕೇಳ್ಲಾ? ನಮ್ಮನ್ನ ಪರೀಕ್ಷೆ ಮಾಡಕ್ಕೆ ನೀವೇ ಕಟ್ಟಿದ್ರಾ?" ಎಂದು ಕೇಳಿದಳು. ಅವಳು ಕೇಳಿದ್ದರಲ್ಲಿ ತಪ್ಪಿಲ್ಲ. ಆ ಅಂತಸ್ತಿನಲ್ಲಿ ಒಂಟಿಯಾಗಿ ಓಡಾಡಿದವಳು ನಾನೊಬ್ಬಳೇ.

ಅಂದು ಸಂಜೆ ದೊಡ್ಡಬಳ್ಳಾಪುರಕ್ಕೆ ಹೋದೆ. ಚಿಕ್ಕಮ್ಮ ನಡುಮನೆಯ ಮಂಚದಲ್ಲಿದ್ದಳು. ಅವಳು ಆ ಕಟ್ಟಡವನ್ನು ನೋಡಿದವಳಲ್ಲ. ಬಿದ್ದಮೇಲೆ ಆಸ್ಪತ್ರೆ ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. ನಾನು ಬಾಯಿ ತೆರೆಯುವ ಮುಂಚೆ, "ಸರಿ ಮಾಡಿದ್ರಾ?" ಎಂದಳು. ಏನನ್ನು ಎಂದು ಕೇಳಿದೆ. "ಏನೋ ಕಣೆ" ಎಂದು ಆಚೆ ತಿರುಗಿದಳು. ಒಳಗಿನಿಂದ ಮಂಜುನಾಥ, "ನಾಲ್ಕನೇ ಮಗ್ಗ ಬೆಳಿಗ್ಗೆಯಿಂದ ಕೆಟ್ಟು ಕೂತಿತ್ತಕ್ಕ, ಅದನ್ನ ಕೇಳ್ತಾವ್ಳೆ" ಎಂದ. ಇರಬಹುದು. ಆ ದಿನ ನಾಲ್ಕನೇ ಮಗ್ಗ ನಿಜವಾಗಿಯೂ ಕೆಟ್ಟಿತ್ತು.

ಮಂಜುನಾಥನಿಗೆ ಎಲ್ಲ ಹೇಳಿದೆ. ಅವನು ನಗಲಿಲ್ಲ. ಆದರೆ ಹಸಿರಿನ ಮಾತು ಬಂದಾಗ, "ನಮ್ಮನೇಲಿ ಕೆಂಪು, ಹಳದಿ ಎರಡೇ ಕಣಕ್ಕ. ಹಸಿರು ಇರ್ಲೇ ಇಲ್ಲ. ನಿಂಗೆಲ್ಲೋ ತಪ್ಪು ಜ್ಞಾಪಕ" ಎಂದ. ಅವನು ಆ ಮನೆಯಲ್ಲೇ ಬೆಳೆದವನು, ನಾನು ರಜೆಗೆ ಬಂದುಹೋಗುತ್ತಿದ್ದವಳು. ಯಾರ ನೆನಪು ಗಟ್ಟಿ ಎಂದು ವಾದ ಮಾಡುವ ಧೈರ್ಯ ನನಗಿರಲಿಲ್ಲ. ಮುಂದಿನ ವಾರ ಆ ವಯಸ್ಸಾದವರ ಜಾಗಕ್ಕೆ ಮತ್ತೆ ಹೋಗಿ ವಿಚಾರಿಸಿದೆ. ಅಲ್ಲಿದ್ದವರಲ್ಲಿ ಮಗ್ಗದ ಮನೆಯವರು ಯಾರೂ ಇರಲಿಲ್ಲ. ಕೆಲಸದವರಲ್ಲಿ ಎಡಗೈಯವರು ಇರಲಿಲ್ಲ. ಬಿಚ್ಚಿದ ಎಳೆಗಳನ್ನು, ಎಲೆಕ್ಟ್ರಿಷಿಯನ್ ಬಿಚ್ಚಿದ್ದೂ ಸೇರಿ, ರತ್ನಮ್ಮ ಒಂದು ಕವರಿನಲ್ಲಿ ಇಟ್ಟಿದ್ದಳು. ತೆಗೆದು ನೋಡಿದೆ. ಬಿಚ್ಚಿದ ಮೇಲೆ ಅವು ಬರೀ ದಾರ. ಸಾಕ್ಷಿ ಇದ್ದದ್ದು ಗಂಟಿನಲ್ಲಿ. ಹಸಿರಿನ ಗಂಟೊಂದು ಉಳಿದಿತ್ತಲ್ಲ, ಅದರ ತುದಿಗಳನ್ನು ಯಾರೋ ಎಷ್ಟು ಗಿಡ್ಡ ಕತ್ತರಿಸಿದ್ದರೆಂದರೆ, ಅವು ಎಡವೋ ಬಲವೋ ಹೇಳಲಾಗಲಿಲ್ಲ.

ನಾನು ಹೂಂ ಅಂದೆ. ಎಳೆಗಳನ್ನು ನಂಬಿ ಅಲ್ಲ, ಎಳೆ ತೋರಿಸಿದ ಮೇಲೆ ರತ್ನಮ್ಮ ಮಾಡಿದ್ದನ್ನು ನೋಡಿ. ಚಿಕ್ಕಮ್ಮ ಈ ನಾಲ್ಕು ವರ್ಷ ಅದೇ ಕಿಟಕಿ ಪಕ್ಕದ ಮಂಚದಲ್ಲಿದ್ದಾಳೆ. ಬೆನ್ನಿನ ಹುಣ್ಣು ಮೂರು ತಿಂಗಳಲ್ಲಿ ಮಾಯಿತು. ಉಗುರು ಕತ್ತರಿಸಿರುತ್ತದೆ, ತಲೆ ಬಾಚಿರುತ್ತದೆ. ಹೊಂಗೆಮರದ ಅಜ್ಜ ತೀರಿಕೊಂಡಾಗ ರತ್ನಮ್ಮ ಎರಡು ದಿನ ಊಟ ಬಿಟ್ಟಳಂತೆ. ರಾತ್ರಿ ಪಾಳಿಯಲ್ಲಿ ಇನ್ನೂ ಇಬ್ಬರೇ. ಆ ಬಗ್ಗೆ ನಾನು ಪ್ರತಿಸಲವೂ ವ್ಯವಸ್ಥಾಪಕರ ಹತ್ತಿರ ಜಗಳ ಮಾಡುತ್ತೇನೆ. ತಪ್ಪಿಲ್ಲದ ಜಾಗ ಅಲ್ಲ ಅದು.

ಹಸಿರು ಎಳೆ ಬಣ್ಣ ಮಾಸಿ ಇನ್ನೂ ಅಲ್ಲೇ ಇದೆ. ಯಾರೂ ಬಿಚ್ಚಿಲ್ಲ. ಅದು 'ಇದರಲ್ಲಿ ದೋಷವಿಲ್ಲ' ಎಂಬ ಗುರುತೋ, 'ಈ ದೋಷ ಸರಿಯಾಗುವಂಥದ್ದಲ್ಲ' ಎಂಬ ಗುರುತೋ ತಿಳಿಯದೆಯೇ ನಾನು ಅವಳನ್ನು ಅಲ್ಲಿ ಮಲಗಿಸಿದೆ. ಈಚೆಗೆ ಅವಳ ಮಾತು ಕಡಿಮೆಯಾಗಿದೆ. ಹೋದ ಭಾನುವಾರ ಅವಳ ಎಡಗೈಯನ್ನು ಎತ್ತಿ ಆ ಗಂಟಿನ ಮೇಲೆ ಇಟ್ಟೆ. ಬೆರಳುಗಳು ಅದನ್ನು ಗುರುತಿಸಿದವು ಎಂದೇ ನನಗೆ ಅನಿಸಿತು. ಒಂದು ಸುತ್ತು ಸವರಿ, ಹೆಬ್ಬೆರಳಿನಿಂದ ಒತ್ತಿ, ಬಿಗಿ ಇದೆಯೇ ಎಂದು ನೋಡಿದಳು. ಇದೇ ಸಮಯ ಎಂದುಕೊಂಡು ಕೇಳಿದೆ.

"ಚಿಕ್ಕಮ್ಮ, ಹಸಿರು ಯಾತಕ್ಕೆ ಕಟ್ತಿದ್ದೆ?"

ಅವಳು ಕಿಟಕಿಯ ಆಚೆ ನೋಡುತ್ತಿದ್ದಳು. ಕೈಯನ್ನು ಮಾತ್ರ ಗಂಟಿನಿಂದ ತೆಗೆಯಲಿಲ್ಲ.