ಟೇಪ್‌ರೆಕಾರ್ಡರಿಗೆ ಹೇಳಿದ ಎದೆನೋವು

ಗೆಳೆಯರೇ, ಇವತ್ತು ನಾನು ನರ್ಸಾಗಿರುವ ಮಾನ್ವಿಯ ಆಸ್ಪತ್ರೆಯಲ್ಲಿ ನಡೆದದ್ದು ಕೇಳಿ. ಮೈಸೂರು ಕಡೆಯ ಹೊಸ ಡಾಕ್ಟರು, ರೋಗಿಗಳೊಂದಿಗೆ ತಮ್ಮ ನಡವಳಿಕೆ ಹೇಗಿದೆಯೆಂದು ತಿಳಿಯಲು ಬಾಗಿಲ ಬಳಿ ಟೇಪ್‌ರೆಕಾರ್ಡರ್ ಇಟ್ಟು, ಹೋಗುವಾಗ ಅದಕ್ಕೆ ಅಭಿಪ್ರಾಯ ಹೇಳಿ ಎಂದಿದ್ದರು.

ಮಧ್ಯಾಹ್ನ ಕೇಳಲು ಕುಳಿತೆವು. ಎಲ್ಲರದೂ ಒಂದೇ ಮಾತು: "ಡಾಕ್ಟ್ರು ಭಾಳ ಛಲೋ ಅದಾರ್ರೀ." ಡಾಕ್ಟರು ಬೀಗುತ್ತಿದ್ದರು. ಅಷ್ಟರಲ್ಲಿ ಕುರ್ಡಿ ಹಳ್ಳಿಯ ಯಲ್ಲಮ್ಮಜ್ಜಿಯ ದನಿ ಬಂತು.

"ಯಪ್ಪಾ, ನೀನರ ಸುಮ್ನ ಕೇಳಾಕತ್ತಿ. ಅವ್ರು ನಾ ಹೊಟ್ಟಿನೋವು ಅಂದ ಕೂಡ್ಲೆ ಗುಳಗಿ ಬರದು, ಮುಂದಿನವ್ರನ್ನ ಕರಿಯಾಕ ಗಂಟಿ ಬಾರಿಸಿಬಿಟ್ರು. ಕೊಡ ಎತ್ತಿದ್ರ ಎದಿ ಹಿಂಡಿದಂಗ ಆಗ್ತದ, ಅದನ್ನ ಹೇಳಾಕ ಬಿಡಲೇ ಇಲ್ಲ."

ಡಾಕ್ಟರ ಮುಖ ಇಳಿಯಿತು. ತಾವೇ ಎದ್ದು ಬಸ್‌ಸ್ಟ್ಯಾಂಡಿಗೆ ಓಡಿದರು, ಹಿಂದೆ ನಾನು. ಅಜ್ಜಿ ಇನ್ನೂ ಬಸ್ಸಿಗೆ ಕಾಯುತ್ತಿದ್ದಳು. ಡಾಕ್ಟರು ಪಕ್ಕದಲ್ಲೇ ಕುಳಿತು, "ಈಗ ಹೇಳಿ ಅಜ್ಜಿ, ಪೂರ್ತಿ ಕೇಳ್ತೀನಿ" ಎಂದರು.

ಅಜ್ಜಿ ಎದೆನೋವು ಹೇಳಿದಳು. ಆಮೇಲೆ ಸೊಸೆಯ ವಿಷಯ ಹೇಳಿದಳು, ಎಮ್ಮೆಯ ವಿಷಯ ತೆಗೆದಳು. ಕುರ್ಡಿ ಬಸ್ಸು ಬಂದು ಹೋಗಿಯೇಬಿಟ್ಟಿತು. ಡಾಕ್ಟರು ಅಜ್ಜಿಯನ್ನು ಆಸ್ಪತ್ರೆಗೆ ವಾಪಸ್ ಕರೆತಂದು ದಾಖಲು ಮಾಡಿಕೊಂಡರು.

ಈಗ ಅಜ್ಜಿ ನಮ್ಮ ವಾರ್ಡಿನಲ್ಲಿದ್ದಾಳೆ, ನೋವು ಇಳಿದಿದೆ. ಡಾಕ್ಟರು ಇನ್ನೂ ಮಂಚದ ಬಳಿ ಕುಳಿತೇ ಇದ್ದಾರೆ. ಅಜ್ಜಿಯ ಕಥೆಯಲ್ಲಿ ಎಮ್ಮೆ ಈಗಷ್ಟೇ ಕರು ಹಾಕಿದೆ.